ಕ್ಲಿಪ್‌ಬೋರ್ಡ್ ಖಾಲಿಯಿದ್ದಾಗ ಟಿಕಿಂಟರ್: ಒಂದು ವಿಮರ್ಶೆ

ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಜೊತೆಗೇ ಬರುವ, ವಿಂಡೋ ಮೆನುಗಳನ್ನು ಕಟ್ಟುವ ಲೈಬ್ರರಿಯಾದ ಟಿಕಿಂಟರ್ ಬಳಸಿ ಸಣ್ಣದೊಂದು ಟೆಕ್ಸ್ಟ್ ಎಡಿಟರ್ ಬರೆಯುವುದು ಒಂದು ಸಂಜೆಯ ಕೆಲಸ. ಆ ಎಡಿಟರ್‌ನ ಪೇಸ್ಟ್ ಆಯ್ಕೆಯನ್ನು ನಂಬುವಂತೆ ಮಾಡಲು ಮಾತ್ರ ನನಗೆ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಹಾಗಾಗಿ ಈ ವಿಮರ್ಶೆ ಇಡೀ ಟಿಕಿಂಟರ್ ಕುರಿತದ್ದಲ್ಲ, ಕ್ಲಿಪ್‌ಬೋರ್ಡ್‌ನಲ್ಲಿ ಪಠ್ಯ ಸಿಗದಿದ್ದಾಗ ಅದು ನಡೆದುಕೊಳ್ಳುವ ರೀತಿಯನ್ನು ಕುರಿತದ್ದು.

ಕ್ಲಿಪ್‌ಬೋರ್ಡನ್ನು ಓದಲು ಇರುವ ಫಂಕ್ಷನ್ ‘ಕ್ಲಿಪ್‌ಬೋರ್ಡ್_ಗೆಟ್’. ಅಲ್ಲಿ ಏನೂ ಇಲ್ಲದಿದ್ದರೆ ಇದು ಖಾಲಿ ಸ್ಟ್ರಿಂಗ್ (ಅಕ್ಷರಗಳಿಲ್ಲದ ಪಠ್ಯ) ಹಿಂದಿರುಗಿಸುವುದಿಲ್ಲ, ‘ಟಿಸಿಎಲ್‌ಎರರ್’ ಎಂಬ ಎರರ್ ಎಸೆಯುತ್ತದೆ. ಕ್ಲಿಪ್‌ಬೋರ್ಡ್ ಸೆಲೆಕ್ಷನ್ ಇಲ್ಲ, ಅಥವಾ ಅದಕ್ಕೆ ಸ್ಟ್ರಿಂಗ್ ರೂಪವಿಲ್ಲ ಎಂಬುದು ಅದರ ಸಂದೇಶದ ಸಾರ. ನನ್ನ ಮುಖ್ಯ ತಕರಾರು ಆ ‘ಅಥವಾ’ದ ಬಗ್ಗೆಯೇ. ಬಳಸುವವರು ಏನನ್ನೂ ಕಾಪಿ ಮಾಡಿಲ್ಲವೋ, ಚಿತ್ರವೊಂದನ್ನು ಕಾಪಿ ಮಾಡಿದ್ದಾರೋ ಎಂಬುದು ಈ ಎರರ್‌ನಿಂದ ತಿಳಿಯುವುದಿಲ್ಲ. ಇಂಥದ್ದೇ ಕೆಲಸದ ಕ್ಯೂಟಿ ಲೈಬ್ರರಿಯಲ್ಲಾದರೆ ಪಠ್ಯವಿಲ್ಲದಾಗ ಖಾಲಿ ಸ್ಟ್ರಿಂಗ್ ಬರುತ್ತದೆ, ಒಳಗಿರುವುದು ಚಿತ್ರವೇ ಎಂದು ಬೇರೆಯಾಗಿ ಕೇಳಿ ತಿಳಿಯಲು ದಾರಿಯೂ ಇದೆ.

ನನ್ನ ಮೊದಲ ಕೋಡ್ ಆಯ್ದ ಪಠ್ಯವನ್ನು ಅಳಿಸಿ, ಆಮೇಲೆ ಕ್ಲಿಪ್‌ಬೋರ್ಡ್ ಓದಿ, ಓದಿದ್ದನ್ನು ಸೇರಿಸುತ್ತಿತ್ತು. ಒಂದು ದಿನ ಸ್ಕ್ರೀನ್‌ಶಾಟ್ ತೆಗೆದವನು ಅದನ್ನು ಮರೆತು, ಒಂದು ಪ್ಯಾರಾ ಆಯ್ದುಕೊಂಡು ಪೇಸ್ಟ್ ಒತ್ತಿದೆ. ಪ್ಯಾರಾ ಹೋಯಿತು, ಅದರ ಜಾಗಕ್ಕೆ ಏನೂ ಬರಲಿಲ್ಲ. ಕಾಲ್‌ಬ್ಯಾಕ್‌ನಲ್ಲಿ, ಅಂದರೆ ಮೆನು ಒತ್ತಿದಾಗ ಓಡುವ ಫಂಕ್ಷನ್‌ನಲ್ಲಿ, ಎರರ್ ಬಂದರೆ ಟಿಕಿಂಟರ್ ಅದನ್ನು ಟರ್ಮಿನಲ್‌ನಲ್ಲಿ ಮುದ್ರಿಸಿ ತನ್ನ ಪಾಡಿಗೆ ಮುಂದುವರಿಯುತ್ತದೆ, ಟರ್ಮಿನಲ್ ಇಲ್ಲದೆ ತೆರೆದ ಎಡಿಟರ್‌ನಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಪಠ್ಯ ಬರೆಯುವ ಚೌಕವಾದ ಟೆಕ್ಸ್ಟ್ ವಿಜೆಟ್‌ನಲ್ಲಿ ಅನ್‌ಡೂ ಸೌಲಭ್ಯವನ್ನು ನಾವೇ ಆನ್ ಮಾಡಬೇಕು ಎಂಬುದು ನನಗೆ ತಿಳಿದದ್ದು ಆ ಪ್ಯಾರಾವನ್ನು ಮರಳಿ ತರಲು ಹೊರಟಾಗ.

ಎಲ್ಲವನ್ನೂ, ಎರರ್ ಬಂದರೆ ಹಿಡಿಯುವ ಒಂದೇ ಟ್ರೈ ಬ್ಲಾಕ್‌ನೊಳಗೆ ಹಾಕಿದ್ದು ಎರಡನೆಯ ತಪ್ಪು. ಏನನ್ನೂ ಆಯ್ದಿರದಿದ್ದಾಗ ‘ಸೆಲ್.ಫಸ್ಟ್’ನಿಂದ, ಅಂದರೆ ಆಯ್ದ ಭಾಗದ ಮೊದಲಿನಿಂದ, ಅಳಿಸಲು ಹೋದರೂ ಬರುವುದು ಅದೇ ಟಿಸಿಎಲ್‌ಎರರ್. ಆದ್ದರಿಂದ ಕ್ಲಿಪ್‌ಬೋರ್ಡ್‌ನಲ್ಲಿ ಪಠ್ಯವಿದ್ದರೂ ಪೇಸ್ಟ್ ಸದ್ದಿಲ್ಲದೆ ಕೈಕೊಡತೊಡಗಿತು. ಕೊನೆಗೆ ಉಳಿದ ಕ್ರಮ ಇಷ್ಟು: ಕ್ಲಿಪ್‌ಬೋರ್ಡ್ ಓದುವ ಒಂದೇ ಸಾಲಿಗೆ ಒಂದು ಟ್ರೈ, ಎರರ್ ಬಂದರೆ ಏನನ್ನೂ ಮುಟ್ಟದೆ ಅಲ್ಲಿಂದಲೇ ಹಿಂತಿರುಗುವುದು, ಓದಿದ್ದು ಕೈಗೆ ಸಿಕ್ಕ ಮೇಲಷ್ಟೇ ಬೇರೊಂದು ಟ್ರೈನಲ್ಲಿ ಅಳಿಸುವುದು, ನಂತರ ಸೇರಿಸುವುದು.

ಅಂಟಿಸುವ ಪಠ್ಯದಲ್ಲಿ ಬದಲಾವಣೆ ಬೇಡವೆಂದಾದರೆ ಇಷ್ಟು ಶ್ರಮವೂ ಬೇಕಿಲ್ಲ. ವಿಜೆಟ್‌ಗೆ ‘ಪೇಸ್ಟ್’ ಎಂಬ ವರ್ಚುವಲ್ ಈವೆಂಟ್ (ಟಿಕಿಂಟರ್‌ನೊಳಗಿನ ಹೆಸರಿಟ್ಟ ಸೂಚನೆ) ಕಳಿಸಿದರೆ ಸಾಕು, ಒಳಗಿನ ಕೋಡ್ ಮೊದಲು ಓದಿ, ಸಿಗದಿದ್ದರೆ ಸುಮ್ಮನಾಗುತ್ತದೆ. ಲಿನಕ್ಸ್‌ನಂಥ ವ್ಯವಸ್ಥೆಗಳಲ್ಲಿ ವಿಂಡೋಗಳನ್ನು ತೋರಿಸುವ ಎಕ್ಸ್11ರಲ್ಲಿ ಅದು ಆಯ್ದ ಪಠ್ಯವನ್ನು ಅಳಿಸದೆ ಹೊಸದನ್ನು ಸೇರಿಸುತ್ತದೆ ಎಂಬುದೊಂದು ಕಿರಿಕಿರಿ. ಅದೇ ಎಕ್ಸ್11ರಲ್ಲಿ, ಕಾಪಿಯಾದದ್ದನ್ನು ಉಳಿಸಿಡುವ ಕ್ಲಿಪ್‌ಬೋರ್ಡ್ ಮ್ಯಾನೇಜರ್ ಇಲ್ಲದಿದ್ದರೆ, ಕಾಪಿ ಮಾಡಿದ ತಂತ್ರಾಂಶವನ್ನು ಮುಚ್ಚಿದೊಡನೆ ಕಾಪಿಯಾದದ್ದೂ ಹೋಗುವುದರಿಂದ ಖಾಲಿ ಕ್ಲಿಪ್‌ಬೋರ್ಡ್ ಅಲ್ಲಿ ಅಪರೂಪವೇನಲ್ಲ.

ಈಗ ನನ್ನ ಎಡಿಟರ್ ಮೆನು ತೆರೆಯುವಾಗಲೇ ಕ್ಲಿಪ್‌ಬೋರ್ಡ್ ಪರೀಕ್ಷಿಸಿ, ಪಠ್ಯವಿಲ್ಲದಿದ್ದರೆ ಪೇಸ್ಟ್ ಆಯ್ಕೆಯನ್ನು ಮಸುಕಾಗಿಸುತ್ತದೆ. ಮೆನು ತೆರೆದ ಗಳಿಗೆಗೂ ಒತ್ತಿದ ಗಳಿಗೆಗೂ ನಡುವೆ ಬೇರೊಂದು ತಂತ್ರಾಂಶ ಕ್ಲಿಪ್‌ಬೋರ್ಡನ್ನು ಬರಿದು ಮಾಡಬಹುದಾದ್ದರಿಂದ ಆ ಒಂದು ಸಾಲಿನ ಟ್ರೈ ಅನ್ನು ತೆಗೆದಿಲ್ಲ.