ಅನುದಾನದ ಆಸೆಗೆ ನಮ್ಮ ಜನರ ಹೆಸರು ಕೊಟ್ಟೆವು, ನೀವು ಕೊಡಬೇಡಿ

ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಿಂದ ಇದನ್ನು ಬರೆಯುತ್ತಿದ್ದೇನೆ. ಊರಿನ ಹೆಸರು ಬೇಕಂತಲೇ ಹೇಳುತ್ತಿಲ್ಲ, ಓದುತ್ತಾ ಹೋದರೆ ಕಾರಣ ಗೊತ್ತಾಗುತ್ತದೆ. ಮನಸ್ಸಿನ ಆರೋಗ್ಯದ ವಿಷಯದಲ್ಲಿ ನಿಮ್ಮೂರಲ್ಲಿ ಸಣ್ಣದಾಗಿ ಏನಾದರೂ ಮಾಡುತ್ತಿದ್ದರೆ, ಅದಕ್ಕೆ ಎಲ್ಲಿಂದಾದರೂ ಒಂದಿಷ್ಟು ದುಡ್ಡು ಸಿಕ್ಕೀತಾ ಎಂದು ಹುಡುಕುತ್ತಿದ್ದರೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಕೆಲಸ ಶುರುವಾದದ್ದು ಅಡಕೆ ಸುಲಿಯುವ ಜಾಗದಲ್ಲಿ. ಕೊಯ್ಲಿನ ಕಾಲದಲ್ಲಿ ರಾತ್ರಿ ಹನ್ನೊಂದರವರೆಗೂ ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತಿರುತ್ತಾರೆ. ಕೈಗೆ ಕೆಲಸ ಇರುವಾಗ ಮಾತು ಸಲೀಸಾಗಿ ಬರುತ್ತದೆ. ಯಾರ ಮುಖವನ್ನೂ ನೋಡಬೇಕಾಗಿಲ್ಲ, ಅಲ್ವಾ. ಅಲ್ಲೇ ಒಬ್ಬಳು ನಾಲ್ಕು ತಿಂಗಳಿಂದ ಸರಿಯಾಗಿ ನಿದ್ದೆ ಇಲ್ಲ ಎಂದಳು. ಇನ್ನೊಬ್ಬರು, ಎಲೆಚುಕ್ಕಿ ರೋಗಕ್ಕೆ ತೋಟ ಹಾಳಾದ ಮೇಲೆ ಗಂಡ ಮಾತೇ ಬಿಟ್ಟಿದ್ದಾರೆ ಎಂದರು. ಮಗನಿಗೆ ಯಾರೋ ಮಾಟ ಮಾಡಿಸಿದ್ದಾರೆ ಎಂದು ಆರು ವರ್ಷ ಮಂತ್ರ, ತಾಯತ ಎಂದು ಅಲೆದ ತಾಯಿ ಅಲ್ಲೇ ಕೂತು ಅತ್ತರು. ಆ ಹುಡುಗನಿಗೆ ಇದ್ದದ್ದು ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ. ಪಕ್ಕದ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್‌ನವರು ಇದೇ ಕಾಯಿಲೆ ಇರುವವರನ್ನು ಅವರವರ ಊರಲ್ಲೇ ಗುರುತಿಸಿ, ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ನೋಡಿಕೊಂಡಿದ್ದಾರೆ. ಅಲ್ಲಿ ಆಗುವುದಾದರೆ ನಮ್ಮಲ್ಲೂ ಏನಾದರೂ ಆದೀತು ಅನ್ನಿಸಿತು.

ಹಾಗೆ ತಿಂಗಳ ಎರಡನೇ ಶನಿವಾರ ಸಮುದಾಯ ಭವನದಲ್ಲಿ ಸೇರತೊಡಗಿದೆವು. ಆಸ್ಪತ್ರೆಗೆ ಹೋಗಲು ಹೆದರುವವರ ಜೊತೆ ನಮ್ಮಲ್ಲೊಬ್ಬರು ಹೋಗುತ್ತಿದ್ದೆವು. ಸಂಘವನ್ನು ನೋಂದಣಿಯೂ ಮಾಡಿಸಿದೆವು. ಜೀಪಿನ ಬಾಡಿಗೆ, ಚಹಾ, ಶಿವಮೊಗ್ಗದಿಂದ ಬರುವ ಆಪ್ತಸಮಾಲೋಚಕರಿಗೆ ಬಸ್ ಚಾರ್ಜು, ಸ್ವಲ್ಪ ಗೌರವಧನ. ಎಲ್ಲ ಸೇರಿ ವರ್ಷಕ್ಕೆ ಒಂದೂವರೆ ಲಕ್ಷ ಇದ್ದರೆ ಸಾಕಿತ್ತು.

ಈ ವರ್ಷ ಫೆಬ್ರವರಿಯಲ್ಲಿ ಶಿವಮೊಗ್ಗದ ಒಂದು ತರಬೇತಿಯಲ್ಲಿ ಆ ಮನುಷ್ಯ ಸಿಕ್ಕಿದ. ಅನುದಾನ ಕೊಡಿಸುವ ಸಲಹೆಗಾರ ಎಂದು ಪರಿಚಯ ಮಾಡಿಕೊಂಡ. "ಅಕ್ಕಾ, ಒಂದೂವರೆ ಲಕ್ಷ ಕೇಳಿದ್ರೆ ಯಾರೂ ಕೊಡಲ್ಲ. ಇಪ್ಪತ್ತು ಲಕ್ಷ ಕೇಳಿ, ಕೊಡ್ತಾರೆ. ಈಗ ಕಂಪನಿಗಳೆಲ್ಲ ಮೆಂಟಲ್ ಹೆಲ್ತ್‌ಗೇ ದುಡ್ಡು ಇಟ್ಕೊಂಡು ಕಾಯ್ತಿದಾರೆ" ಎಂದ. ಫೈಲ್ ತಯಾರಿಗೆ 12,000 ಕೇಳಿದ, ಕೊಟ್ಟೆವು. ಎನ್‌ಜಿಒ ದರ್ಪಣ್ ಎಂಬ ಸರ್ಕಾರಿ ಜಾಲತಾಣದಲ್ಲಿ ಸಂಘದ ನೋಂದಣಿಗೆ 6,000. ಆದಾಯ ತೆರಿಗೆ ವಿನಾಯಿತಿಯ 12ಎ ಮತ್ತು 80ಜಿ ನೋಂದಣಿ ಮಾಡಿಸಲು 15,000. ಏಪ್ರಿಲ್‌ನಲ್ಲಿ ಒಂದು ಮಂಜೂರಾತಿ ಪತ್ರ ಬಂತು. ದೊಡ್ಡ ಕಂಪನಿಯೊಂದರ ಲಾಂಛನ, 22,40,000 ರೂಪಾಯಿ. ಅದರ 2% ಅಂದರೆ 44,800 ರೂಪಾಯಿ ಭದ್ರತಾ ಠೇವಣಿ ಮೊದಲು ಕಟ್ಟಬೇಕು, ಅನುದಾನದ ಜೊತೆ ವಾಪಸ್ ಬರುತ್ತದೆ ಎಂದಿತ್ತು. ಅದನ್ನೂ ಕಟ್ಟಿದೆವು. ಒಟ್ಟು 77,800. ಅದರಲ್ಲಿ 30,000 ಹೆಂಗಸರು ಅಡಕೆ ಸುಲಿದು ಕೂಡಿಟ್ಟದ್ದು. ಆಮೇಲೆ ಅವನ ಫೋನ್ ಸ್ವಿಚ್ ಆಫ್.

ದುಡ್ಡಿನ ವಿಷಯ ಇಷ್ಟೇ. ನಾನು ಬರೆಯಲು ಕೂತದ್ದು ಮುಖ್ಯವಾಗಿ ಇನ್ನೊಂದು ಕಾರಣಕ್ಕೆ.

ಮಾರ್ಚ್‌ನಲ್ಲಿ ಅವನು ಫಲಾನುಭವಿಗಳ ಪಟ್ಟಿ ಕೇಳಿದ್ದ. ಹೆಸರು, ವಯಸ್ಸು, ಫೋನ್ ನಂಬರ್, ಆಧಾರ್ ಪ್ರತಿ, ಯಾವ ಕಾಯಿಲೆ, ಯಾವ ಮಾತ್ರೆ, ಜೊತೆಗೆ ಒಂದು ಫೋಟೋ. "ನಿಜವಾದ ಜನ ಇದಾರೆ ಅಂತ ಕಂಪನಿಗೆ ಗ್ಯಾರಂಟಿ ಬೇಕಲ್ವಾ ಅಕ್ಕಾ" ಎಂದ. ನಾವು ಮನೆಮನೆಗೆ ಹೋಗಿ ಕೇಳಿದೆವು. ನಮ್ಮ ಮೇಲಿನ ನಂಬಿಕೆಗೆ ಯಾರೂ ಇಲ್ಲ ಎನ್ನಲಿಲ್ಲ. 43 ಜನರ ವಿವರ ಕೊಟ್ಟೆವು. ನಾನೇ ನನ್ನ ಫೋನಿನಿಂದ ಕಳಿಸಿದೆ.

ಮೇ ತಿಂಗಳಲ್ಲಿ ವಾಟ್ಸಾಪ್‌ನಲ್ಲಿ ಒಂದು ಕರಪತ್ರ ಓಡಾಡಿತು. ನಾವು ಹೆಸರೇ ಕೇಳದ ಸಂಸ್ಥೆಯೊಂದು ಮಾನಸಿಕ ರೋಗಿಗಳ ನೆರವಿಗೆ ದೇಣಿಗೆ ಕೇಳುತ್ತಿತ್ತು. ಕೆಳಗೆ ಕ್ಯೂಆರ್ ಕೋಡ್, ಮೇಲೆ ನಮ್ಮ ಜನರ ಫೋಟೋಗಳು. ಅದರಲ್ಲಿ ಒಬ್ಬ ತಂಗಿ ಇದ್ದಳು. ಎರಡು ವರ್ಷದಿಂದ ತಪ್ಪದೆ ಮಾತ್ರೆ ತೆಗೆದುಕೊಂಡು ಸುಧಾರಿಸಿದ್ದಳು, ತನ್ನ ಕೈಯಲ್ಲಿ ದುಡಿದು ನಾಲ್ಕು ಕಾಸು ನೋಡುತ್ತಿದ್ದಳು. ಕರಪತ್ರ ಅವಳ ಗಂಡನ ಮನೆಯ ಕಡೆಯವರಿಗೂ ಹೋಯಿತು. ಮರುದಿನ ನಮ್ಮ ಮನೆಗೆ ಬಂದಳು. ಜಗಳ ಮಾಡಲಿಲ್ಲ. "ಅಕ್ಕಾ, ನಿಮಗೆ ಅಂತ ಹೇಳಿದ್ದು ನಾನು, ಊರಿಗಲ್ಲ" ಎಂದು ಹೋದಳು. ಆಮೇಲೆ ಶನಿವಾರ ಬರುವುದನ್ನು ಬಿಟ್ಟಳು. ಮಾತ್ರೆಯನ್ನೂ ಬಿಟ್ಟಳು. ಒಂದೂವರೆ ತಿಂಗಳು ಏನೆಲ್ಲ ಅನುಭವಿಸಿದಳು ಎನ್ನುವುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಅವಳದು.

ಇದೆಲ್ಲ ಆದ ಮೇಲೆ ಪರಿಚಯದ ಲೆಕ್ಕಪರಿಶೋಧಕರ ಹತ್ತಿರ ಕೂತು ಒಂದೊಂದಾಗಿ ಕೇಳಿದೆ. ಈ ಮಾತು ಫೆಬ್ರವರಿಯಲ್ಲೇ ಕೇಳಬೇಕಿತ್ತು.

ಕಂಪನಿಗಳ ಸಿಎಸ್‌ಆರ್ ದುಡ್ಡು, ಅಂದರೆ ಸಮಾಜದ ಕೆಲಸಕ್ಕೆ ಅವು ಕೊಡುವ ದುಡ್ಡು, 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ಬರುವುದು. ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ 2% ಖರ್ಚು ಮಾಡಲೇಬೇಕು, ಅದು ನಿಜ. ಆದರೆ ನಮ್ಮಂಥ ಹೊರಗಿನ ಸಂಘಕ್ಕೆ ಆ ಕೆಲಸ ವಹಿಸಬೇಕಾದರೆ ಸಂಘಕ್ಕೆ 12ಎ, 80ಜಿ ಇರಬೇಕು, ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ನೋಂದಾಯಿಸಿ ಪಡೆಯುವ ಸಿಎಸ್‌ಆರ್-1 ನಂಬರ್ ಇರಬೇಕು, ಅಂಥ ಕೆಲಸ ಮಾಡಿ ಕನಿಷ್ಠ ಮೂರು ವರ್ಷ ಆಗಿರಬೇಕು. ಸಿಎಸ್‌ಆರ್-1 ಕಡ್ಡಾಯವಾದದ್ದು 2021ರ ಏಪ್ರಿಲ್ 1ರಿಂದ. ಆ ಮಂಜೂರಾತಿ ಪತ್ರ ಬಂದಾಗ ನಮ್ಮ ಸಂಘಕ್ಕೆ ಬರೀ ಒಂದೂವರೆ ವರ್ಷ. ಅಂದರೆ ಆ ಪತ್ರ ನಿಜವಾಗಿರಲು ಸಾಧ್ಯವೇ ಇರಲಿಲ್ಲ. ಇದೊಂದು ಗೊತ್ತಿದ್ದರೆ ಅವತ್ತೇ ಎದ್ದು ಬರುತ್ತಿದ್ದೆವು.

ಕಂಪನಿ ಕೊಡದಿದ್ದರೆ ವಿದೇಶದ ದುಡ್ಡು ಕೊಡಿಸುತ್ತೇನೆ, ದೆಹಲಿಯ ಒಂದು ಟ್ರಸ್ಟಿಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಪಡೆಯಲು ಬೇಕಾದ ಸರ್ಕಾರದ ನೋಂದಣಿ) ಇದೆ, ಅವರಿಂದ ನಿಮಗೆ ದಾಟಿಸುತ್ತೇನೆ ಎಂದೂ ಆ ಸಲಹೆಗಾರ ಹೇಳಿದ್ದ. ವಿದೇಶಿ ದೇಣಿಗೆಯ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಆದ ಮೇಲೆ ಒಂದು ಸಂಸ್ಥೆ ತನಗೆ ಬಂದ ವಿದೇಶಿ ದೇಣಿಗೆಯನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತೆಯೇ ಇಲ್ಲ. ಅವನ ಮಾತು ನಂಬಿ ಅಂಥ ದುಡ್ಡು ಪಡೆದಿದ್ದರೆ ಕಾನೂನಿನ ತೊಂದರೆಗೆ ನಾವೇ ಸಿಕ್ಕಿಕೊಳ್ಳುತ್ತಿದ್ದೆವು.

ದರ್ಪಣ್ ನೋಂದಣಿಗೆ ಸರ್ಕಾರಕ್ಕೆ ಒಂದು ರೂಪಾಯಿಯೂ ಕಟ್ಟಬೇಕಾಗಿಲ್ಲ. 12ಎ, 80ಜಿಗೆ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಹಾಕುವ ಅರ್ಜಿಗೂ ಶುಲ್ಕ ಇಲ್ಲ. ಅರ್ಜಿ ತುಂಬಿಕೊಡುವವರಿಗೆ ಅವರ ಕೂಲಿ ಕೊಡುವುದು ಬೇರೆ ಮಾತು, ಅದನ್ನು ರಸೀದಿ ಪಡೆದು ಕೊಡಿ. ಠೇವಣಿ ಎನ್ನುವುದು ಮಾತ್ರ ಶುದ್ಧ ಸುಳ್ಳು. ಕೆಲವು ಅನುದಾನಗಳಲ್ಲಿ ಸಂಘದ ಪಾಲು ಇಷ್ಟು ಇರಬೇಕು ಎಂದು ಕೇಳುವುದುಂಟು. ಆದರೆ ಆ ಪಾಲನ್ನು ನೀವೇ ನಿಮ್ಮ ಕೆಲಸಕ್ಕೆ ಖರ್ಚು ಮಾಡಿ ಲೆಕ್ಕ ತೋರಿಸುತ್ತೀರಿ. ಯಾರದೋ ಫೋನ್ ಪೇ ನಂಬರಿಗೆ ಹಾಕುವುದಲ್ಲ. ನಮಗೆ ಬಂದ ಪತ್ರ ಜಿಮೇಲ್ ವಿಳಾಸದಿಂದ ಬಂದಿತ್ತು. ಕಂಪನಿಯ ಜಾಲತಾಣದಲ್ಲಿದ್ದ ನಂಬರಿಗೆ ಒಂದು ಫೋನ್ ಮಾಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು.

ಇನ್ನು ಪಟ್ಟಿ. ಯೋಜನೆ ಒಪ್ಪಿಸಲು ಎಣಿಕೆ ಸಾಕು. ಎಷ್ಟು ಹೆಂಗಸರು, ಎಷ್ಟು ಗಂಡಸರು, ಯಾವ ವಯಸ್ಸಿನವರು, ಎಷ್ಟು ಸಲ ಸೇರಿದಿರಿ, ಎಷ್ಟು ಜನರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಿರಿ. ಹೆಸರಿನ ಬದಲು ನಂಬರ್ ಹಾಕಿ. ಕೂಟದ ಫೋಟೋ ಬೇಕೆಂದರೆ ಬೆನ್ನಿನ ಕಡೆಯಿಂದ ತೆಗೆಯಿರಿ, ಚಾಪೆ ಮತ್ತು ಚಪ್ಪಲಿ ಕಂಡರೂ ಸಾಕು. ಕಾಯಿಲೆಯ ವಿಷಯ ಗುಟ್ಟಾಗಿರಬೇಕು ಎನ್ನುವ ಹಕ್ಕು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲೇ ಇದೆ. ಹೆಸರು ಕೊಡದಿದ್ದರೆ ದುಡ್ಡು ಇಲ್ಲ ಎನ್ನುವವರ ದುಡ್ಡು ಬೇಡವೇ ಬೇಡ.

ಪೊಲೀಸರಿಗೆ ದೂರು ಕೊಟ್ಟಿದ್ದೇವೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಫೋನ್ ಮಾಡಿದೆವು, ಆದರೆ ಠೇವಣಿ ಕಟ್ಟಿ ಇಪ್ಪತ್ತು ದಿನ ಆಗಿತ್ತು. ದುಡ್ಡು ಹೋದ ಕೆಲವೇ ಗಂಟೆಯೊಳಗೆ ಮಾಡಿದರೆ ಖಾತೆಯಲ್ಲೇ ತಡೆಯುವ ಸಾಧ್ಯತೆ ಜಾಸ್ತಿ. ನಾಚಿಕೆಯಿಂದ ನಾವು ತಡ ಮಾಡಿದೆವು.

ಶನಿವಾರದ ಕೂಟ ನಿಂತಿಲ್ಲ. ಚಹಾಪುಡಿ, ಸಕ್ಕರೆ ಸರದಿಯಂತೆ ಒಬ್ಬೊಬ್ಬರ ಮನೆಯಿಂದ ಬರುತ್ತದೆ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಆ ದಿನಕ್ಕೆ ಸರಿಯಾಗಿ ನಾಲ್ಕೈದು ಜನ ಸೇರಿ ಒಂದೇ ಜೀಪಿನಲ್ಲಿ ಹೋಗುತ್ತೇವೆ. ರಾತ್ರಿ ಹೊತ್ತು ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ನಮ್ಮಲ್ಲಿ ಸಿಗ್ನಲ್‌ಗೆ ಗುಡ್ಡ ಹತ್ತಬೇಕು. ಹಾಗಾಗಿ ಗುಡ್ಡದ ಮೇಲಿನ ಮನೆಯವರು ಯಾವ ಹೊತ್ತಿಗೂ ಬಾಗಿಲು ತೆಗೆಯುತ್ತೇವೆ ಎಂದಿದ್ದಾರೆ.

ಪಟ್ಟಿಯಲ್ಲಿದ್ದ ಎಲ್ಲರ ಮನೆಗೂ ಹೋಗಿ, ಆದದ್ದನ್ನು ಹೇಳಿ, ಕ್ಷಮೆ ಕೇಳುತ್ತಿದ್ದೇವೆ. ಮೊದಲು ಹೋದದ್ದು ಆ ತಂಗಿಯ ಮನೆಗೆ. ಬಾಗಿಲಲ್ಲೇ ನಿಲ್ಲಿಸಿ ಕೇಳಿಸಿಕೊಂಡಳು. ಎರಡು ವಾರ ಬಿಟ್ಟು ಮಂಗಳವಾರದ ಜೀಪಿಗೆ ಬಂದು ಹತ್ತಿದಳು. ಶನಿವಾರ ಇನ್ನೂ ಬಂದಿಲ್ಲ. 34 ಮನೆ ಮುಗಿದಿದೆ. ಉಳಿದ ಒಂಬತ್ತು ಮನೆ ಹಳ್ಳದ ಆಚೆ ಇವೆ, ಮಳೆ ಇಳಿದ ಮೇಲೆ ಹೋಗಬೇಕು.