ರಾಕ್‌ಫರ್ಡ್‌ನ ಮೈನಸ್ 35ರಲ್ಲಿ ಹ್ಯಾಂಡ್ ವಾರ್ಮರ್: ಐದಕ್ಕೆ ನಾಲ್ಕು

ಅಮೆರಿಕದ ಇಲಿನಾಯ್‌ನ ರಾಕ್‌ಫರ್ಡ್‌ನಲ್ಲಿ ಚಳಿ ಹೊಸದೇನಲ್ಲ. ಆದರೆ 2019ರ ಜನವರಿ 31ರ ಬೆಳಿಗ್ಗೆ ಇಲ್ಲಿ ಮೈನಸ್ 35 ಡಿಗ್ರಿ ಸೆಲ್ಸಿಯಸ್! 1982ರ ದಾಖಲೆಯೂ ಮುರಿಯಿತು. ಪೋಲಾರ್ ವೋರ್ಟೆಕ್ಸ್, ಅಂದರೆ ಉತ್ತರ ಧ್ರುವದ ಕೊರೆಯುವ ಗಾಳಿಯ ಸುಳಿಯ ಕೃಪೆ. ಅಂಚೆಯವರೂ ಬರಲಿಲ್ಲ. ಷಿಕಾಗೊದಲ್ಲಿ ಹಳಿ ಕೂಡುವ ಕಡೆ ಗ್ಯಾಸ್ ಬೆಂಕಿ ಉರಿಸಿ ರೈಲು ಓಡಿಸಿದರು. ಆ ವಾರ ನನ್ನ ಜೇಬಿನಲ್ಲಿದ್ದದ್ದು ಪೆಟ್ರೋಲ್ ಬಂಕಿನಲ್ಲೂ ಸಿಗುವ ಸಾದಾ ಹ್ಯಾಂಡ್ ವಾರ್ಮರ್.

ಜಾಕೆಟ್, ಥರ್ಮಲ್ ಎಲ್ಲ ಇದ್ದರೂ ನನಗೆ ಮೊದಲು ಕೈಕೊಡುವುದು ಬೆರಳು. ಕಾರಿನ ಗಾಜಿನ ಮೇಲಿನ ಐಸ್ ಕೆರೆಯುವಷ್ಟರಲ್ಲಿ ಜೋಮು ಹಿಡಿದಿರುತ್ತದೆ.

ಹ್ಯಾಂಡ್ ವಾರ್ಮರ್ ಅಂದರೆ ಅಂಗೈಗಿಂತ ಚಿಕ್ಕ ಪೊಟ್ಟಣ. ಒಳಗೆ ಕಬ್ಬಿಣದ ಪುಡಿ, ಉಪ್ಪು, ಇದ್ದಿಲು, ಸ್ವಲ್ಪ ನೀರು. ಹೊರಗಿನ ಪ್ಲಾಸ್ಟಿಕ್ ಹರಿದರೆ ಗಾಳಿ ತಾಗಿ ಕಬ್ಬಿಣ ತುಕ್ಕು ಹಿಡಿಯುತ್ತದೆ, ಬಿಸಿ ಬರುತ್ತದೆ. ದಾವಣಗೆರೆಯ ನಮ್ಮನೆ ಗೇಟಿಗೆ ವರ್ಷಗಟ್ಟಲೆ ಹಿಡಿಯುವ ತುಕ್ಕು ಇಲ್ಲಿ ಕೆಲವೇ ಗಂಟೆಯಲ್ಲಿ ಮುಗಿಯುತ್ತದೆ, ಅಷ್ಟೇ.

ಗಾಳಿ ಬೇಕು ಅನ್ನುವುದೇ ಇದರ ಗುಟ್ಟು. ಬಿಗಿಯಾದ ಗ್ಲೌಸ್ ಒಳಗೆ ತುರುಕಿದರೆ ಆರಿಹೋಗುತ್ತದೆ. ಹೊರಗೆ ಚಳಿಯಲ್ಲಿ ನಿಂತು ಹರಿದರೆ ಬಿಸಿಯೇ ಏರುವುದಿಲ್ಲ. ಮನೆಯೊಳಗೇ ತೆಗೆದು, ಚೆನ್ನಾಗಿ ಕೊಡವಿ, ಕಾಫಿ ಕುಡಿದು ಮುಗಿಸುವವರೆಗೆ ಬಿಡಿ. ಆಮೇಲೆ ನಾಲ್ಕು ಬೆರಳೂ ಒಟ್ಟಿಗೆ ಇರುವ ಮಿಟನ್ ಒಳಗೆ ಸಡಿಲವಾಗಿ ಇಟ್ಟುಕೊಳ್ಳಿ. ಐದು ಬೆರಳಿನ ಗ್ಲೌಸ್ ಈ ಚಳಿಗೆ ಸುಮ್ನೆ ಶೋಕಿ.

ಕೆಲಸ ಬೇಗ ಮುಗಿದರೆ ಎಸೆಯಬೇಡಿ. ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿಯೆಲ್ಲ ಒತ್ತಿ ತೆಗೆದು ಮುಚ್ಚಿದರೆ ತುಕ್ಕು ಅಲ್ಲಿಗೇ ನಿಲ್ಲುತ್ತದೆ. ಮಾರನೇ ದಿನ ತೆಗೆದರೆ ಮತ್ತೆ ಬಿಸಿ. ಈ ಮಾತನ್ನು ಪೊಟ್ಟಣದ ಮೇಲೆ ಕಂಪನಿಯವರು ಬರೆದಿಲ್ಲ. ಯಾಕೆ ಬರೀತಾರೆ, ಅಲ್ವಾ?

ಐದರಲ್ಲಿ ಒಂದು ಸ್ಟಾರ್ ಕಿತ್ತುಕೊಂಡಿದ್ದು "10 ಗಂಟೆ" ಬಿಸಿ ಇರುತ್ತದೆ ಅನ್ನುವ ಅವರ ಮಾತಿಗೆ. ಆ ಚಳಿಯಲ್ಲಿ ಅದರ ಅರ್ಧವೂ ಬರಲಿಲ್ಲ. ಜೊತೆಗೆ ಪ್ರತಿಸಲ ಕಸದ ಬುಟ್ಟಿಗೆ ಒಂದು ಜೋಡಿ.

ಊರಿಂದ ಅಪ್ಪ ಅಮ್ಮ ಚಳಿಗಾಲದಲ್ಲಿ ಬಂದರೆ ಖಂಡಿತ ಕೊಡಿ, ಆದರೆ ಬರಿ ಮೈಗೆ ತಾಗಿಸಿಕೊಂಡು ಮಲಗಲು ಬಿಡಬೇಡಿ. ಸಕ್ಕರೆ ಕಾಯಿಲೆ ಇದ್ದು ಕಾಲು ಜೋಮು ಇರುವವರಿಗಂತೂ ಸುಟ್ಟಿದ್ದೂ ಗೊತ್ತಾಗುವುದಿಲ್ಲ. ಮತ್ತೆ, ಅಕ್ಟೋಬರಿನಲ್ಲೇ ಡಬ್ಬಿಗಟ್ಟಲೆ ಕೊಂಡಿಡಿ. ಟಿವಿಯಲ್ಲಿ ಚಳಿಯ ಎಚ್ಚರಿಕೆ ಬಂದ ಮೇಲೆ ಅಂಗಡಿಗೆ ಹೋದರೆ ಖಾಲಿ ಕಪಾಟು ನೋಡಿ ಬರಬೇಕಷ್ಟೇ.