ದಾವೀದನ ಕೈಯಲ್ಲಿ ರಬ್ಬರ್! ಕ್ಯಾಂಪ್ ಅಂಗಡಿಯ ಮಕ್ಕಳ ಬೈಬಲ್ ಪುಸ್ತಕಗಳು

ನಮ್ಮ ಸಂಡೇ ಸ್ಕೂಲ್‌ನ ಚಿಕ್ಕವರಿಗೆ, ಅಂದರೆ ಮೂರರಿಂದ ಆರು ವರ್ಷದ ಮಕ್ಕಳಿಗೆ, ಚಿತ್ರ ಜಾಸ್ತಿ ಇರುವ ಬೈಬಲ್ ಕಥೆ ಪುಸ್ತಕ ಬೇಕಿತ್ತು. ಬೆಳಗಾವಿಯ ಕ್ಯಾಂಪ್ ಕಡೆ ಒಂದು ಸಣ್ಣ ಅಂಗಡಿ ಇದೆ. ಇಂಗ್ಲಿಷಿನವು ರಾಶಿ ರಾಶಿ, ಮರಾಠಿ ಪರವಾಗಿಲ್ಲ, ಕನ್ನಡಕ್ಕೆ ಕಪಾಟಿನ ಕೆಳಗಿನ ಒಂದು ಸಾಲು ಅಷ್ಟೇ. ಆದರೆ ಅಂಗಡಿಯವರು ಸ್ಟೂಲ್ ಕೊಟ್ಟು, ಕೂತು ಓದಿ ನೋಡ್ರಿ ಅಂತಾರೆ. ಅದು ದೊಡ್ಡ ಅನುಕೂಲ.

ಮೊದಲು ಕೈಗೆ ಸಿಕ್ಕಿದ್ದು ದಾವೀದ, ಗೊಲ್ಯಾತರ ಕಥೆ, ಅಂದರೆ ಕುರಿ ಕಾಯುವ ಹುಡುಗ ದಾವೀದ ದೈತ್ಯ ಗೊಲ್ಯಾತನನ್ನು ಕಲ್ಲು ಬೀಸಿ ಬೀಳಿಸಿದ್ದು. ಬಣ್ಣ ಚೆನ್ನಾಗಿದೆ, ಹಾಳೆ ದಪ್ಪ. ಆದರೆ ದಾವೀದನ ಕೈಯಲ್ಲಿ ಇರೋದೇನು ಗೊತ್ತಾ? ಕವಲು ಕಡ್ಡಿಗೆ ರಬ್ಬರ್ ಕಟ್ಟಿ ಹುಡುಗರು ಮಾವಿನಕಾಯಿಗೆ ಹೊಡೀತಾರಲ್ಲ, ಅದು! ಆ ಕಾಲದಲ್ಲಿ ಆ ನಾಡಿನಲ್ಲಿ ರಬ್ಬರ್ ಎಲ್ಲಿತ್ತು? ದಾವೀದ ಬೀಸಿದ್ದು ಕವಣೆ, ಜೋಳದ ತೆನೆ ಹಾಲುಗಟ್ಟಿದಾಗ ಹಕ್ಕಿ ಓಡಿಸೋಕೆ ನಮ್ಮ ಕಡೆ ಹೊಲದಲ್ಲಿ ಬೀಸುವಂಥದ್ದು. ಹೊಲಕ್ಕೆ ಹೋಗಿ ಬರುವ ಮಕ್ಕಳು ಇಂಥದ್ದನ್ನು ತಕ್ಷಣ ಹಿಡೀತಾರೆ.

ಪಕ್ಕದಲ್ಲೇ ಇದೇ ಕಥೆಯ ಇನ್ನೊಂದು ಪುಸ್ತಕ ಇತ್ತು. ಹಳ್ಳದಲ್ಲಿ ಬಗ್ಗಿ ನುಣುಪಾದ ಐದು ಕಲ್ಲು ಆರಿಸುತ್ತಿರುವ ಹುಡುಗ, ಹೆಗಲಿಗೆ ಚೀಲ, ಸೊಂಟಕ್ಕೆ ಸಿಕ್ಕಿಸಿದ ಹಗ್ಗದ ಕವಣೆ. ಆ ಪುಟಕ್ಕೆ ಎರಡೇ ಸಾಲು ಬರಹ. ಮಕ್ಕಳು ತಾವಾಗಿಯೇ ಕಲ್ಲು ಎಣಿಸೋಕೆ ಶುರು ಮಾಡ್ತಾರೆ, ನಾವು ಹೇಳೋದೇ ಬೇಡ. ಗೊಲ್ಯಾತ ಬಿದ್ದಲ್ಲಿಗೆ ಕಥೆ ಮುಗಿಸಿದ್ದಾರೆ, ತಲೆ ಕಡಿಯುವುದನ್ನು ತೋರಿಸಿಲ್ಲ. ಈ ವಯಸ್ಸಿಗೆ ಅದೇ ಸರಿ, ಉಳಿದಿದ್ದನ್ನು ದೊಡ್ಡವರಾದ ಮೇಲೆ ಬೈಬಲಿನಲ್ಲೇ ಓದಲಿ.

ಪ್ರಳಯದಲ್ಲಿ ಪ್ರಾಣಿಗಳನ್ನು ಉಳಿಸಿದ ನೋಹನ ನಾವೆಯ ಪುಸ್ತಕಗಳಲ್ಲಿ ಮುಕ್ಕಾಲು ಪಾಲು ಸುಮ್ನೆ ಒಂದು ಪುಟ್ಟ ದೋಣಿ, ಮೇಲೆ ಜಿರಾಫೆಯ ಕತ್ತು. ಬೈಬಲಿನಲ್ಲಿ ಅದು 300 ಮೊಳ ಉದ್ದ, 50 ಮೊಳ ಅಗಲ, 30 ಮೊಳ ಎತ್ತರ, ಒಳಗೆ ಮೂರು ಅಂತಸ್ತು. ಒಂದರಲ್ಲಿ ಮಾತ್ರ ಗೋಡೆ ಎತ್ತಿದರೆ ಮೂರೂ ಅಂತಸ್ತು ಕಾಣುವ ಹಾಗೆ ಮಾಡಿದ್ದಾರೆ, ಅದನ್ನು ತಗೊಂಡೆ. ಆ ಎತ್ತುವ ಹಾಳೆ ಬಹಳ ತೆಳು, ಮಕ್ಕಳ ಕೈಗೆ ಕೊಡುವ ಮೊದಲೇ ಹಿಂದೆ ಟೇಪ್ ಹಚ್ಚಿ.

ದೊಡ್ಡ ಮೀನು ನುಂಗಿದ ಯೋನನ ಕಥೆ ಬಿಟ್ಟು ಬಂದೆ. ಕಡು ನೀಲಿ ಸಮುದ್ರದ ಮೇಲೆ ಕಪ್ಪು ಅಕ್ಷರ ಹಾಕಿದ್ದಾರೆ, ಟ್ಯೂಬ್‌ಲೈಟ್ ಕೆಳಗೆ ಬರೀ ಹೊಳಪು, ಯಾರು ಓದಬೇಕು? ಯೇಸು ಐದು ರೊಟ್ಟಿ ಎರಡು ಮೀನಿನಲ್ಲಿ ಸಾವಿರಾರು ಜನಕ್ಕೆ ಊಟ ಕೊಟ್ಟ ಕಥೆಯ ಒಂದು ಪುಸ್ತಕದಲ್ಲಂತೂ ರೊಟ್ಟಿ ತಂದ ಹುಡುಗನೇ ಇಲ್ಲ! ಮಕ್ಕಳಿಗೆ ಆ ಕಥೆಯಲ್ಲಿ ಬೇಕಾದವನೇ ಅವನು, ಅಲ್ವಾ?

ಚಿತ್ರ ಇಷ್ಟವಾದರೂ ಒಂದು ಪುಟ ಅಲ್ಲೇ ಜೋರಾಗಿ ಓದಿ ನೋಡಿ. ಕೆಲವರು ಚರ್ಚಿನಲ್ಲಿ ಓದುವ ಭಾಷೆಯನ್ನೇ ಎತ್ತಿ ಹಾಕಿದ್ದಾರೆ, ಪ್ರತಿ ವಾಕ್ಯಕ್ಕೂ ನಿಂತು ಅರ್ಥ ಹೇಳಬೇಕು, ಅಷ್ಟೊತ್ತಿಗೆ ಮಕ್ಕಳು ಎದ್ದು ಓಡಿರುತ್ತಾರೆ.

ಅಂಗಡಿಗೆ ನಾನು ಕೊಡೋದು ಐದಕ್ಕೆ ಮೂರೂವರೆ ಅಂಕ. ಬಿಲ್ ಆದ ಮೇಲೆ ವಾಪಸ್ ತಗೊಳ್ಳಲ್ಲ, ಪಿನ್ ಕಿತ್ತಿದ್ದರೂ ಅಷ್ಟೇ, ಹಾಗಾಗಿ ನಡುವಿನ ಹಾಳೆ ಎಳೆದು ನೋಡಿ ಕೊಳ್ಳಿ. ಕ್ರಿಸ್‌ಮಸ್ ಹತ್ತಿರ ಬಂದರೆ ಕನ್ನಡದ ಸಾಲು ಬೇಗ ಖಾಲಿಯಾಗುತ್ತದೆ, ನವೆಂಬರ್‌ನಲ್ಲೇ ಹೋಗಿ ಬನ್ನಿ.